ನೀರಿನ ಮೇಲೆ ಚಾಡಿಕೋರ ಎಳೆದ ಗೆರೆ

ಬೆಂಕಿಪೊಟ್ಟಣದಷ್ಟೇ ಇದ್ದ ಆ ಜಿಪಿಎಸ್ ಯಂತ್ರಕ್ಕೆ ಮನೆಯಲ್ಲಿ ಚಾಡಿಕೋರ ಎಂದು ಹೆಸರು. ಸೈಕಲ್ಲಿನ ಹ್ಯಾಂಡಲ್ ಮೇಲೆ ಸುಮ್ಮನೆ ಕೂತಂತೆ ಕಂಡರೂ, ಸವಾರ ಎಲ್ಲಿ ಹೋದ, ಎಲ್ಲಿ ನಿಂತ, ಯಾವ ಏರಿನಲ್ಲಿ ಏದುಸಿರು ಬಿಟ್ಟ ಎಂಬುದನ್ನೆಲ್ಲ ನೆನಪಿಟ್ಟುಕೊಂಡು, ಮನೆಗೆ ಬಂದ ಮೇಲೆ ನಕ್ಷೆಯಲ್ಲಿ ಕೆಂಪು ಗೆರೆ ಎಳೆದು ಒಪ್ಪಿಸಿಬಿಡುತ್ತಿತ್ತು. ಹೆಸರಿಟ್ಟವಳು ಅತ್ತಿಗೆ. "ನಾನು ಕೇಳಿದ್ರೆ ಇವರು ಬಾಯಿ ಬಿಡಲ್ಲ. ಇದು ಕೇಳದೇ ಹೇಳತ್ತೆ" ಎಂದಿದ್ದಳು.

ಮನೆಯ ಪಕ್ಕದಲ್ಲೇ ಅಣ್ಣನ ಸೈಕಲ್ ರಿಪೇರಿ ಅಂಗಡಿ. ವರ್ಷಕ್ಕೊಮ್ಮೆ ಅಂಗಡಿಗೆ ಬೀಗ ಹಾಕಿ, ಹಿನ್ನೀರನ್ನು ಬಳಸಿಕೊಂಡು ಒಂದೇ ದಿನದಲ್ಲಿ ಒಂದು ಸುತ್ತು ಬರುತ್ತಿದ್ದ. ಗುಡ್ಡ ಹತ್ತಿ ಗಿರಣಿಯವರೆಗೆ ಒಂದು ಹಂತ. ಗಿರಣಿಯಿಂದ ಆಚೆ ದಂಡೆಗೆ ಇಳಿಯುವುದು ಇನ್ನೊಂದು. ದೋಣಿಯಲ್ಲಿ ನೀರು ದಾಟಿದ ಮೇಲೆ ಈಚೆ ದಂಡೆಯಿಂದ ಮನೆಗೆ ಕೊನೆಯ ತುಂಡು ದಾರಿ. ಒಂದೊಂದು ವರ್ಷದ ಗೆರೆಯೂ ಹಿಂದಿನ ವರ್ಷದ ಗೆರೆಯ ಮೇಲೆ ಸರಿಯಾಗಿ ಕೂರಬೇಕು. ಇಲ್ಲವಾದರೆ ಅವನಿಗೆ ಊಟ ಸೇರುತ್ತಿರಲಿಲ್ಲ.

ಈ ವರ್ಷ ಮಂಡಿ ಕೈಕೊಟ್ಟಿತು. ಇನ್ನು ಪೆಡಲ್ ತುಳಿಯುವ ಮಾತೇ ಬೇಡ ಎಂದರು ಡಾಕ್ಟರು. ಅಂದಿನಿಂದ ಅಣ್ಣ ಗೋಡೆಗೆ ಮುಖ ಮಾಡಿ ಮಲಗಿದವನು ಮಗ್ಗುಲು ಬದಲಿಸಲಿಲ್ಲ. ಕೋಲು ಹಿಡಿದು ನಡೆಯಬಹುದಿತ್ತು, ಕೂತು ಪಂಕ್ಚರ್ ಹಾಕಬಹುದಿತ್ತು. ಆದರೂ ಅಂಗಡಿಯ ಬಾಗಿಲು ಮೇಲೇಳಲಿಲ್ಲ. ಗಿರಾಕಿಗಳು ಬಂದು ಬಂದು ಬೇರೆ ಕಡೆ ಹೋದರು.

"ನಾನು ಹೋಗಿ ಬರ್ತೀನಿ. ಗೆರೆ ತಂದು ಕೊಡ್ತೀನಿ, ಎದ್ದು ಕೂತು ನೋಡ್ತೀಯ ತಾನೆ?" ಎಂದಳು ತಂಗಿ.

"ನೀನಾ? ಬೇಕರಿಯಿಂದ ಮನೆಗೆ ಬರೋ ಹೊತ್ತಿಗೇ ತೂಕಡಿಸ್ತೀಯ" ಎಂದ ಅಣ್ಣ, ಗೋಡೆಗೇ. ಆಮೇಲೆ ಒಲ್ಲದ ಮನಸ್ಸಿನಿಂದ ಹೇಳಿದ: "ಹಂತ ಮುಗಿದ ಕೂಡ್ಲೇ ಗುಂಡಿ ಒತ್ತು, ಹೊರಡೋವಾಗ ಮತ್ತೆ ಒತ್ತು. ದೋಣೀಲಿ ಮಾತ್ರ ಅದು ಓಡ್ತಾ ಇರಬಾರ್ದು. ಕೂತು ಬಂದದ್ದು ಸವಾರಿ ಅಲ್ಲ."

ಅವಳು ಬೇಕರಿಯಲ್ಲಿ ಹಿಟ್ಟು ನಾದುವವಳು. ಊರು ಏಳುವ ಮೊದಲೇ ಎದ್ದು ಅಭ್ಯಾಸವಾದ್ದರಿಂದ ಗುಡ್ಡದ ಏರು ತಂಪು ಹೊತ್ತಿನಲ್ಲೇ ಮುಗಿಯಿತು. ಗಿರಣಿಯ ಗೇಟಿನ ಮುಂದೆ ಗುಂಡಿ ಒತ್ತಿದಳು, ನೀರು ಕುಡಿದಳು, ಮತ್ತೆ ಒತ್ತಿದಳು. ಇಳಿಜಾರಿನಲ್ಲಿ ಗಾಳಿ ಕಿವಿಯಲ್ಲಿ ಏನೋ ಹೇಳುತ್ತ ಬಂತು. ದಂಡೆ ಮುಟ್ಟಿದಾಗ ಮಧ್ಯಾಹ್ನ. ಬೇಕರಿಯಲ್ಲಾದರೆ ಒಲೆ ಆರಿಸಿ, ಮೈದಾ ಮೂಟೆಗೆ ಒರಗಿ ಅವಳು ಕಣ್ಣು ಮುಚ್ಚುವ ಹೊತ್ತು.

"ಬೇಗ ಬಾಮ್ಮಾ, ನಿನ್ನ ಕುದುರೇನೂ ಹತ್ತಿಸು!" ಎಂದು ದೋಣಿಯವನು ಕೂಗಿದ. ಸೈಕಲ್ ಎತ್ತಿ ಇಟ್ಟು, ಒದ್ದೆ ಹಗ್ಗದ ಸುರುಳಿಗೆ ಬೆನ್ನು ಕೊಟ್ಟಳು. ಗುಂಡಿಯ ನೆನಪು ಬಂತು. ಕೈ ಚಾಚಬೇಕು ಅಂದುಕೊಂಡಳು. ಚಾಚಿದೆ ಅಂತಲೇ ಅನ್ನಿಸಿತು.

ನಿದ್ದೆಯಲ್ಲೂ ಅವಳು ತುಳಿಯುತ್ತಿದ್ದಳು. ಚಕ್ರದ ಕೆಳಗೆ ನೀರು ಹದವಾದ ಹಿಟ್ಟಿನಂತೆ ತಗ್ಗಿ ಮತ್ತೆ ಉಬ್ಬುತ್ತಿತ್ತು. ಮುಳುಗಿದ ಮರಗಳ ಒಣ ನೆತ್ತಿಗಳು ದಾರಿಯ ಪಕ್ಕದ ಕಂಬಗಳಂತೆ ಬಂದು ಹೋದವು. ಪ್ರತಿಯೊಂದರ ಮೇಲೂ ಒಂದು ನೀರುಕಾಗೆ ಒದ್ದೆ ಬಟ್ಟೆ ಹರವಿದ ಹಾಗೆ ರೆಕ್ಕೆ ಬಿಚ್ಚಿ ನಿಂತಿತ್ತು. ಮುಂದೆ ಯಾರೋ ಸೈಕಲ್ ಮೇಲೆ ಹೋಗುತ್ತಿದ್ದರು. ಬೆನ್ನು ಅಣ್ಣನದೇ. ಕರೆದರೆ ತಿರುಗಲಿಲ್ಲ.

ಆಗ ದೋಣಿಯ ಮೋಟಾರಿನ ಸದ್ದು ನಿಂತಿತು. ಅರೆಗಣ್ಣು ತೆರೆದರೆ ದೋಣಿ ನಡುನೀರಿನಲ್ಲಿ ತಾನಾಗಿ, ಬಲು ಮೆಲ್ಲಗೆ ತಿರುಗುತ್ತಿತ್ತು.

"ಬಾತುಕೋಳಿ ಸಂಸಾರ ದಾಟ್ತಾ ಇದೆ. ಹೋಗ್ಲಿ ಪಾಪ, ನಮಗೇನು ಗಂಟು ಹೋಗೋದು?" ಎಂದ ದೋಣಿಯವನು ಮೋಟಾರಿನ ಮೇಲೆ ಕೈಯಿಟ್ಟು.

ಗುಡ್ಡ, ದಂಡೆ, ಆಕಾಶ ಎಲ್ಲವೂ ಅವಳ ಸುತ್ತ ಒಂದು ಸಲ ನಿಧಾನವಾಗಿ ಹಾದುಹೋದವು. ಅವಳು ಮತ್ತೆ ಕಣ್ಣು ಮುಚ್ಚಿದಳು.

ಈಚೆ ದಂಡೆಯಲ್ಲಿ ಸೈಕಲ್ ಇಳಿಸುವಾಗ ನೋಡಿದರೆ ಚಾಡಿಕೋರ ಕಣ್ಣು ಮಿಟುಕಿಸುತ್ತ ಓಡುತ್ತಲೇ ಇತ್ತು. ಮನೆಯ ದಾರಿ ಸಪಾಟಾಗಿ ಹತ್ತಿರವೇ ಇದ್ದರೂ ಅವಳಿಗೆ ಗುಡ್ಡಕ್ಕಿಂತ ಏರಾಯಿತು. ಎದ್ದು ಕೂರಲು ಅಣ್ಣನಿಗೆ ಇದ್ದ ಒಂದೇ ಒಂದು ನೆಪವನ್ನೂ ನಿದ್ದೆ ಮಾಡಿ ಕೆಡಿಸಿಕೊಂಡು ಬಂದೆನಲ್ಲ ಎಂದು ಕೊರಗುತ್ತ ಪೆಡಲ್ ತುಳಿದಳು.

"ಬಂದ್ಲಾ ತೂಕಡಿಕೆ ರಾಣಿ?" ಎಂದ ಅಣ್ಣ. ತಂಗಿ ಫೋನಿನಲ್ಲಿ ನಕ್ಷೆ ತೆರೆದು ದಿಂಬಿನ ಬಳಿ ಇಟ್ಟಳು. ಅವನು ಕತ್ತು ಮಾತ್ರ ತಿರುಗಿಸಿದ. ಗುಡ್ಡದ ಗೆರೆ ಹಳೆಯದರ ಮೇಲೆ ಕೂತಿತ್ತು. ಇಳಿಜಾರಿನದೂ ಕೂತಿತ್ತು. ಆಮೇಲೆ, ವರ್ಷವರ್ಷವೂ ಬರೀ ನೀಲಿಯಾಗಿದ್ದ ಕಡೆ ಕೆಂಪು ಗೆರೆ ನೀರಿಗೆ ಇಳಿದುಬಿಟ್ಟಿತ್ತು.

"ನಿದ್ದೆ ಬಂದ್ಬಿಡ್ತು ಅಣ್ಣಾ. ಬೈಯೋದಿದ್ರೆ ಬೈದ್ಬಿಡು."

ಅವನು ಬೈಯಲಿಲ್ಲ. ಬೆರಳಿನಿಂದ ನಕ್ಷೆ ಹಿಗ್ಗಿಸಿದ. "ಇಲ್ಲೇನಿದು, ಜಿಲೇಬಿ ಸುತ್ತಿದ ಹಾಗೆ? ದೋಣಿಗೂ ತಲೆ ತಿರುಗಿತ್ತಾ?"

ಅವಳು ಬಾತುಕೋಳಿಗಳನ್ನು ಹೇಳಿದಳು, ಮರದ ನೆತ್ತಿಗಳ ಮೇಲೆ ರೆಕ್ಕೆ ಹರವಿದ ನೀರುಕಾಗೆಗಳನ್ನು ಹೇಳಿದಳು. ಗುಡ್ಡವೇ ತಮ್ಮ ಸುತ್ತ ನಡೆದುಹೋದ ಹಾಗಿತ್ತು ಎಂದಳು. ಕೇಳುತ್ತ ಕೇಳುತ್ತ ಅಣ್ಣ ಮೊಣಕೈ ಊರಿದ, ಆಮೇಲೆ ದಿಂಬು ಹಿಂದಕ್ಕೆ ತಳ್ಳಿ ಒರಗಿದ. ಬಾಗಿಲಲ್ಲಿ ಅತ್ತಿಗೆ ಲೋಟ ಹಿಡಿದು ನಿಂತಿದ್ದಳು.

"ನೀರಲ್ಲಿ ಮರ ಇದೆಯಾ?" ಎಂದ.

"ಅಷ್ಟು ವರ್ಷ ದಾಟಿದೀಯ, ನೋಡಿಲ್ವಾ?"

"ಎಲ್ಲಿ ನೋಡ್ಲಿ? ದೋಣಿ ಹತ್ತಿದ್ರೆ ಚೈನು ಒರೆಸೋದು, ಎಣ್ಣೆ ಬಿಡೋದು. ಯಾವಾಗ ದಡ ಬರತ್ತೆ ಅಂತ ಕಾಯೋದು." ನೀರಿನ ಮೇಲಿನ ಆ ಗೆರೆಯುದ್ದಕ್ಕೂ ಬೆರಳಾಡಿಸಿದ. "ದೋಣಿಗೆ ಮಂಡಿ ಬೇಕಿಲ್ಲ, ಅಲ್ವೇನೇ?"

"ಬೇಕಿಲ್ಲ. ಈಚೆ ದಂಡೆ ಹತ್ತಿರಾನೇ. ನನ್ನ ಹಿಂದೆ ಕೂತ್ಕೊ, ಕರ್ಕೊಂಡು ಹೋಗ್ತೀನಿ."

"ಆ ಕ್ಯಾರಿಯರ್ ಮೇಲಾ? ಬರೋವಾಗ ಬೀದಿ ಕೊನೆಯಿಂದ್ಲೇ ಲಟಲಟ ಅಂತ ಕೇಳಿಸ್ತಾ ಇತ್ತು. ಇಬ್ರೂ ಬೀಳ್ತೀವಿ." ಕಾಲು ಮೆಲ್ಲಗೆ ನೆಲಕ್ಕಿಳಿಸಿ ಹೆಂಡತಿಯತ್ತ ಕೈ ನೀಡಿದ. "ಲೇ, ಆ ಕೋಲು ಕೊಡು. ಅಂಗಡಿ ಕೀಲಿ ಎಲ್ಲಿಟ್ಟಿದೀಯ?"

ತಂಗಿ ಅವನ ಹಾಸಿಗೆಯ ಅಂಚಿನಲ್ಲೇ ತಲೆಯಿಟ್ಟಳು. ಅಂಗಡಿಯ ಬಾಗಿಲು ತುಕ್ಕಿನ ಗಂಟಲಿನಿಂದ ಗೊಣಗುತ್ತ ಮೇಲೇರುವ ಸದ್ದು ಕೇಳುವಷ್ಟರಲ್ಲಿ ಅವಳ ಕೆಳಗಿನ ನೆಲ ನೀರಾಗಿ, ಬಲು ಮೆಲ್ಲಗೆ ತಿರುಗತೊಡಗಿತ್ತು.