ಸೊನ್ನೆ ಒತ್ತಬೇಡ

ಕಿಟಕಿಯ ಕಟ್ಟೆಯ ಮೇಲೆ, ಯಾರ ಕೈಯೂ ತಾಗದೆ ಬಿದ್ದಿದ್ದ, ಕೈಹಿಡಿತ ಅಳೆಯುವ ಹಿಡಿಕೆ ಎಂಟು ಕಿಲೋ ತೋರಿಸುತ್ತಿತ್ತು.

ಮಗಳು ಬಗ್ಗಿ ನೋಡಿದಳು. ಅದರ ಉಕ್ಕಿನ ಪಟ್ಟಿಯ ಮೇಲೆ ಮಧ್ಯಾಹ್ನದ ಬಿಸಿಲು ಚೆಲ್ಲಿತ್ತು. ಎತ್ತಿ ತಂದು ಮೇಜಿನ ಕೆಳಗೆ, ತಣ್ಣನೆಯ ನೆಲದ ಮೇಲೆ ಇಟ್ಟು ಕುಕ್ಕರಗಾಲಲ್ಲಿ ಕೂತಳು. ಎಂಟು ಏಳೂವರೆಯಾಯಿತು, ಏಳಾಯಿತು, ಆರಕ್ಕಿಳಿಯಿತು.

ಒಳಕೋಣೆಯಲ್ಲಿ ಅಪ್ಪನ ದನಿ ಜೋರಾಗಿತ್ತು. "ಇವಳೇ, ಆ ಕೋಟಿನ ಬಟ್ಟೆಗೆ ಇನ್ನೊಂದು ಸಲ ಇಸ್ತ್ರಿ ಹಾಕು. ಮಡಿಕೆ ಗೆರೆ ಉಳಿದ್ರೆ ಕತ್ತರಿ ಎಡವುತ್ತೆ."

"ಕತ್ತರಿ ಎಡವುತ್ತೋ, ಹಿಡಿದವರು ಎಡವ್ತಾರೋ," ಎಂದಳು ಅಮ್ಮ. ಆದರೂ ಇಸ್ತ್ರಿಪೆಟ್ಟಿಗೆಯ ಸದ್ದು ಮತ್ತೆ ಶುರುವಾಯಿತು.

ಲಕ್ವ ಹೊಡೆದು ಬಲಗೈ ಬಿದ್ದಂದಿನಿಂದ ಅಪ್ಪನ ಟೈಲರ್ ಅಂಗಡಿ ಬಾಗಿಲು ಮುಚ್ಚಿತ್ತು. ಹಿಡಿತ ಅಳೆಯುವ ಆಸ್ಪತ್ರೆಯ ಯಂತ್ರದ ಮುಳ್ಳು ಅವನು ಹಲ್ಲುಕಚ್ಚಿ ಒತ್ತಿದರೂ ಮಿಸುಕಲಿಲ್ಲ. ಅಂದು ಮನೆಗೆ ಬಂದವನು ಗೋಡೆಗೆ ಮುಖ ಮಾಡಿ ಮಲಗಿದ. ಅದನ್ನು ನೋಡಲಾರದೆ, ತಕ್ಕಡಿ ರಿಪೇರಿ ಮಾಡುವ ಮಗಳು ಈ ಹಿಡಿಕೆ ಕಟ್ಟಿದ್ದಳು. ಒಂದು ಉಕ್ಕಿನ ಪಟ್ಟಿ. ಅದು ಕೂದಲೆಳೆಯಷ್ಟು ಬಾಗಿದರೂ ತಿಳಿಯುವಂಥ, ಮೇಲೆ ಅಂಟಿಸಿದ ಸೆನ್ಸರ್. ಅಲ್ಲಿಂದ ಬರುವ ಎರಡು ತಂತಿಗಳ ನಡುವಿನ ಚೂರು ವ್ಯತ್ಯಾಸವನ್ನಷ್ಟೇ ಹಿಡಿದು ದೊಡ್ಡದು ಮಾಡುವ ಆಂಪ್ಲಿಫೈಯರ್. ಎಷ್ಟು ಪಟ್ಟು ದೊಡ್ಡದು ಎನ್ನುವುದು ಒಂದೇ ಒಂದು ರೆಸಿಸ್ಟರ್‌ನ ಕೈಯಲ್ಲಿತ್ತು. ಅದರ ತಡೆ ಕಡಿಮೆಯಾದಷ್ಟೂ ಹಿಗ್ಗು ಹೆಚ್ಚು. ಅಪ್ಪ ಬೆರಳು ಮಡಿಸಿದರೂ ಸಾಕು, ಅಂಕಿ ಅಲುಗಾಡಲಿ ಎಂದು ಅವಳು ತನ್ನ ಡಬ್ಬಿಯಲ್ಲಿದ್ದ ಅತಿ ಕಡಿಮೆಯದನ್ನೇ ಹಾಕಿದ್ದಳು.

ಮೊದಲ ದಿನ ಮೂರು ಕಿಲೋ ಬಂತು. ಅಪ್ಪ ಮಗುವಿನ ಹಾಗೆ ಅತ್ತ. ಮರುದಿನ ಅವಳು ಸೊನ್ನೆಯ ಬಟನ್ ಕಡೆ ಬೆರಳು ಒಯ್ದಾಗ ಎಡಗೈಯಿಂದ ತಡೆದ. "ಸೊನ್ನೆ ಒತ್ತಬೇಡ ಪುಟ್ಟೀ. ನಾನು ಕಷ್ಟಪಟ್ಟು ಏರಿದ್ದನ್ನ ಒಂದೇ ಬೆರಳಲ್ಲಿ ಇಳಿಸಿಬಿಡ್ತೀಯಾ?"

ಅದು ಹಾಗಲ್ಲ, ಖಾಲಿ ಹಿಡಿಕೆಯ ಅಂಕಿಯನ್ನಷ್ಟೇ ಸೊನ್ನೆಗೆ ತರುವುದು ಎಂದು ಹೇಳಬಹುದಿತ್ತು. ಗಿರಾಕಿಗೆ ನಮಸ್ಕಾರ ಹೇಳುವ ಮೊದಲೇ ಅವರ ತಕ್ಕಡಿಯ ಸೊನ್ನೆ ಒತ್ತುವವಳು, ಅಪ್ಪನ ಮುಖ ನೋಡಿ ಕೈ ಹಿಂದಕ್ಕೆ ತೆಗೆದುಕೊಂಡಳು. ಅವನೋ, ಬ್ಯಾಟರಿ ಉಳಿಯಲಿ ಎಂದು ಹಿಡಿಕೆ ಕೈಗೆ ಬಂದ ಮೇಲೇ ಸ್ವಿಚ್ ಹಾಕಿಸುತ್ತಿದ್ದ, ಬಿಡುವ ಮೊದಲೇ ಆರಿಸುತ್ತಿದ್ದ. ಖಾಲಿ ಹಿಡಿಕೆ ಏನು ತೋರಿಸುತ್ತದೆಂದು ಯಾರೂ ನೋಡಿರಲಿಲ್ಲ. ಚಳಿ ಹೋಗಿ ಬಿಸಿಲು ಬಲಿಯಿತು, ಅಂಕಿಯೂ ಬಲಿಯಿತು. ನಿನ್ನೆ ಅಂಕಿ ಹನ್ನೊಂದು ಕಿಲೋ ಮುಟ್ಟಿದಾಗ ಅಪ್ಪ ತನ್ನ ಹಳೆಯ ಗಿರಾಕಿ ವಕೀಲರಿಗೆ ತಾನೇ ಫೋನ್ ಮಾಡಿ ಕೋಟಿನ ಬಟ್ಟೆ ತರಿಸಿಕೊಂಡಿದ್ದ. ನಾಳೆ ಬೆಳಿಗ್ಗೆ ಕತ್ತರಿ ಹಾಕುವುದಿತ್ತು. ಆ ಸಡಗರದಲ್ಲಿ ಇವತ್ತು ಹಿಡಿಕೆಯನ್ನು ಆರಿಸುವುದು ಮರೆತಿತ್ತು.

ಪಟ್ಟಿ ಒತ್ತಿದ್ದಕ್ಕೆ ಹಿಗ್ಗಿತೋ, ಬಿಸಿಗೆ ಹಿಗ್ಗಿತೋ, ಆಂಪ್ಲಿಫೈಯರ್‌ಗೆ ತಿಳಿಯುವುದಿಲ್ಲ. ಕೊಟ್ಟದ್ದನ್ನು ದೊಡ್ಡದು ಮಾಡುವುದಷ್ಟೇ ಅದಕ್ಕೆ ಗೊತ್ತು. ಅದನ್ನು ತಿಳಿದಿರಬೇಕಾದವಳು ತಾನು.

ಬಾಯಿ ಮುಚ್ಚಿಕೊಂಡಿರಬಹುದಿತ್ತು. ಆದರೆ ಪರರ ಬಟ್ಟೆ. ಕತ್ತರಿ ಜಾರಿದರೆ ಮತ್ತೆ ಕೂಡುವುದಿಲ್ಲ. ಅವಳು ಸೋಲ್ಡರಿಂಗ್ ಕಡ್ಡಿ ಕಾಯಿಸಿದಳು. ಅದೇ ಪಟ್ಟಿಯಲ್ಲಿ, ಒತ್ತಡ ತಲುಪದ ಆದರೆ ಬಿಸಿ ತಲುಪುವ ತುದಿಗೆ ಇನ್ನೊಂದು ಸೆನ್ಸರ್ ಅಂಟಿಸಿ, ಎರಡಕ್ಕೂ ತಾಗಿದ ಬಿಸಿ ಒಂದನ್ನೊಂದು ಅಳಿಸುವಂತೆ ತಂತಿ ಜೋಡಿಸಿದಳು. ರೆಸಿಸ್ಟರ್ ಬದಲಾಯಿಸಿ ಹಿಗ್ಗು ತಗ್ಗಿಸಿ, ಕಿಲೋ ಲೆಕ್ಕವನ್ನೂ ಅದಕ್ಕೆ ಹೊಂದಿಸಿದಳು. ಸೊನ್ನೆ ಒತ್ತಿದಳು. ತನ್ನ ಕೆಲಸದ ಚೀಲದಿಂದ ಐದು ಕಿಲೋ ತೂಕದ ಬಟ್ಟು ತೆಗೆದು ನೇತುಹಾಕಿದಳು. ಐದು ಬಂತು.

"ಏನೇ ಮಾಡ್ತಿದ್ದೀಯಾ ಅದನ್ನ?" ಅಪ್ಪ ಬಾಗಿಲಲ್ಲಿ ನಿಂತಿದ್ದ.

"ಸರಿ ಮಾಡ್ದೆ ಅಪ್ಪಾ."

"ಯಾಕೆ, ಕೆಟ್ಟಿತ್ತಾ?" ನಗುತ್ತಲೇ ಕೂತು ಬಲಗೈ ಚಾಚಿದ. ಅವಳು ಬೆರಳುಗಳನ್ನು ಒಂದೊಂದಾಗಿ ಹಿಡಿಕೆಗೆ ಸುತ್ತಿದಳು. ಅವನು ಒತ್ತಿದ. ಕುತ್ತಿಗೆಯ ನರ ಉಬ್ಬಿತು.

ಮೂರು.

ಇನ್ನೊಮ್ಮೆ ಒತ್ತಿದ. ಮೂರು.

"ಕೆಡಿಸಿಟ್ಟೆಯಲ್ಲೇ!" ಅಪ್ಪನ ದನಿ ಒಡೆಯಿತು. "ನೆಟ್ಟಗಿದ್ದದ್ದನ್ನ ಬಿಚ್ಚಿ ಹಾಳು ಮಾಡಿಟ್ಟೆ!"

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ," ಎಂದಳು ಒಳಗಿನಿಂದ ಬಂದ ಅಮ್ಮ, ಎಂದಿನ ರೂಢಿಯಲ್ಲಿ. ಅಂಕಿ ಕಂಡ ಮೇಲೆ ಸೆರಗಿನಿಂದ ಬಾಯಿ ಒತ್ತಿಕೊಂಡಳು.

"ಕೊಡಿಲ್ಲಿ. ಕೆಟ್ಟಿದೆ ಅಂತ ನಾನೇ ತೋರಿಸ್ತೀನಿ." ಅಪ್ಪ ಹಿಡಿಕೆಯನ್ನು ಎಡಗೈಗೆ ಕಿತ್ತುಕೊಂಡ. ಮೊದಲೆಲ್ಲ ಎಡಗೈಯಲ್ಲಿ ಹಿಡಿದರೆ ಅಂಕಿ ತುದಿಗೆ ಹೋಗಿ ಅಂಟಿಕೊಂಡುಬಿಡುತ್ತಿತ್ತು. ಈಗ ಸಿಟ್ಟೆಲ್ಲ ಸೇರಿಸಿ ಹಿಸುಕಿದ. ಮೂವತ್ತೊಂದು. ಬಿಟ್ಟ. ಸೊನ್ನೆ. ಮತ್ತೆ ಹಿಸುಕಿದ. ಮೂವತ್ತೊಂದು.

ಅಪ್ಪ ಹಿಡಿಕೆಯನ್ನು ಮೆಲ್ಲಗೆ ಮೇಜಿನ ಮೇಲೆ ಇಟ್ಟ.

"ಹಾಗಾದ್ರೆ, ನಿನ್ನೆ ಬಂದ ಹನ್ನೊಂದು?"

"ಬಿಸಿಲು ಅಪ್ಪಾ. ಪಟ್ಟಿ ಕಾದಿತ್ತು. ನಿನ್ನದು ಮೂರೇ."

ಅಪ್ಪ ಅವಳನ್ನು ಬಿಟ್ಟು ಅಮ್ಮನ ಕಡೆ ತಿರುಗಿದ. "ನಿನಗೆ ಗೊತ್ತಿತ್ತೇನೇ?"

"ನನಗೆ ಯಂತ್ರ ಗಿಂತ್ರ ಏನು ತಿಳಿಯುತ್ತೆ?" ಅಮ್ಮ ನೆಲ ನೋಡಿದಳು. "ಇವತ್ತು ಬೆಳಿಗ್ಗೆನೂ ನಿಮ್ಮ ಅಂಗಿ ಗುಂಡಿ ಹಾಕಿದ್ದು ನಾನೇ ಅಲ್ವಾ."

"ಹೇಳಬೇಕಿತ್ತು."

"ಹೇಳಿದ್ರೆ ಊಟ ಮಾಡ್ತಿದ್ರಾ ನೀವು?"

ಅಪ್ಪ ಎದ್ದ. ಮಗಳು ತೋಳು ಹಿಡಿಯಹೋದರೆ ಕೊಡವಿಕೊಂಡ. ಮಂಚದ ಮೇಲೆ ಹರಡಿದ್ದ ಬೂದು ಬಣ್ಣದ ಬಟ್ಟೆಯ ಅಂಚನ್ನು ಎಡಗೈಯಲ್ಲಿ ಸವರಿ, ಒಂದು ನೂಲು ಕಿತ್ತು ಎಸೆದ.

"ವಕೀಲರಿಗೆ ನೀನೇ ಫೋನ್ ಮಾಡು ಪುಟ್ಟೀ. ಏನಾದರೂ ಸುಳ್ಳು ಹೇಳು. ನಿನಗೆ ಬರುತ್ತಲ್ಲ."

ಗೋಡೆಗೆ ಮುಖ ಮಾಡಿ ಮಲಗಿದ. ಅಮ್ಮ ಗೆರೆಯಿಲ್ಲದ ಆ ಬಟ್ಟೆಯನ್ನು ಅಂಚಿಗೆ ಅಂಚು ಕೂಡಿಸಿ ಮಡಿಸತೊಡಗಿದಳು.

ಮಗಳು ಹಿಡಿಕೆಯನ್ನು ತಂದು ಮತ್ತೆ ಕಿಟಕಿಯ ಕಟ್ಟೆಯ ಮೇಲೇ ಇಟ್ಟಳು. ಅಲ್ಲಿ ಬಿಸಿಲು ಇನ್ನೂ ಇತ್ತು. ಸ್ವಲ್ಪ ಹೊತ್ತಿನಲ್ಲೇ ಪಟ್ಟಿ ಮುಟ್ಟಲಾರದಷ್ಟು ಕಾಯಿತು. ಅವಳು ನೋಡುತ್ತಲೇ ನಿಂತಿದ್ದಳು. ಸೊನ್ನೆ ಅಲುಗಲಿಲ್ಲ.