ಕಿನಾಕೊಗೆ ಗಂಡಭೇರುಂಡ

ಮೈಸೂರಿಗೆ ಹೋಗಿಬಂದವರು ಎರಡು ವಾರ ಕೋಣೆಯೊಳಗೆ ಕೂತು ಗೋಡೆ ನೋಡಬೇಕಿದ್ದ ದಸರಾ ಅದು. 2021ರ ಅಕ್ಟೋಬರ್. ಟೋಕಿಯೊದಲ್ಲಿ ಕೋವಿಡ್ ತುರ್ತು ಪರಿಸ್ಥಿತಿ ತೆಗೆದು ಒಂದು ವಾರವಾಗಿತ್ತು. ಫುನಾಬೊರಿಯ ನಮ್ಮ ಕನ್ನಡ ಬಳಗ, ಮೈಸೂರಿಗೆ ಹೋಗಲಾಗದಿದ್ದರೆ ಮೈಸೂರನ್ನೇ ವಿಡಿಯೊ ಮಾಡಿಬಿಡೋಣ ಎಂದು ತೀರ್ಮಾನಿಸಿತು. ಅಂದರೆ ಅಧ್ಯಕ್ಷ ನಂಜುಂಡಸ್ವಾಮಿ ತೀರ್ಮಾನಿಸಿದರು, ಉಳಿದವರು ಮ್ಯೂಟ್‌ನಲ್ಲಿದ್ದರು.

ನಂಜುಂಡಸ್ವಾಮಿ ಹುಟ್ಟಿನಿಂದ ಮೈಸೂರಿನವರು, ಹುದ್ದೆಯಿಂದ ಕಾವಾಸಾಕಿಯ ಐಟಿ ಆಫೀಸಿನ ಡೆಲಿವರಿ ಮ್ಯಾನೇಜರು. ಎರಡರಲ್ಲಿ ಒಂದನ್ನೂ ಯಾರೂ ಮರೆಯದಂತೆ ನೋಡಿಕೊಳ್ಳುತ್ತಿದ್ದರು. ಜಂಬೂಸವಾರಿಗೆ ಆನೆ ಹುಡುಕಿದೆವು, ಸಿಗಲಿಲ್ಲ. ಪಟ್ಟದ ಕುದುರೆಯಾದರೂ ಇರಲಿ ಎಂದೆವು. ಎತ್ತರದ ಕುದುರೆಗಳೆಲ್ಲ ಬಿಜಿ. ಕೊನೆಗೆ ನದಿ ದಂಡೆಯ ಪುಟ್ಟ ಲಾಯದ ಕಿನಾಕೊಗೆ ಇಳಿದೆವು. ಇಪ್ಪತ್ನಾಲ್ಕು ವರ್ಷದ ಹೆಣ್ಣು ಪೋನಿ. ಹುರಿದ ಸೋಯಾ ಹಿಟ್ಟಿನ ಬಣ್ಣ, ಅದೇ ಅವಳ ಹೆಸರು. ನನ್ನ ಮಗಳು ಚಿನ್ಮಯಿ ಪ್ರತಿ ಭಾನುವಾರ ಅವಳ ಮೈ ಉಜ್ಜಲು ಹೋಗುತ್ತಿದ್ದಳು. ಶಾಲೆ ಮುಚ್ಚಿದ್ದ ದಿನಗಳಲ್ಲಿ ಮಾಸ್ಕ್ ಇಲ್ಲದ ಮುಖ ನೋಡಲು ಅವಳಿಗೆ ಸಿಕ್ಕಿದ್ದ ಗೆಳತಿ ಅದೊಂದೇ.

ಜೂಮ್ ಮೀಟಿಂಗಿನಲ್ಲಿ ಹದಿನಾಲ್ಕು ಸ್ಲೈಡು ಬಂದವು. ಒಂಬತ್ತನೆಯದರಲ್ಲಿ ಕಿನಾಕೊಳ ಎರಡೂ ಪಕ್ಕೆಗೆ ಟ್ರಿಮ್ಮರ್‌ನಿಂದ ಗಂಡಭೇರುಂಡ ಕೆತ್ತುವ ನಕ್ಷೆ. ಹನ್ನೊಂದನೆಯದರಲ್ಲಿ ಅವಳ ಮೂತಿಯ ಮೀಸೆಗೆ ಕೆಂಪು ಗೀಟು.

"ಕ್ಲೋಸಪ್‌ಗೆ ಕ್ಲೀನ್ ಲುಕ್ ಬೇಕಲ್ಲ" ಎಂದರು ಅಧ್ಯಕ್ಷರು.

ಚಿನ್ಮಯಿ ನನ್ನ ಪಕ್ಕದಿಂದ ಬಾಗಿ ಏನೋ ಹೇಳಿದಳು.

"ಯು ಆರ್ ಆನ್ ಮ್ಯೂಟ್, ಪುಟ್ಟಾ."

ಅವಳು ಬಟನ್ ಒತ್ತಿದಳು. "ಅಂಕಲ್, ಶೀ ಈಸ್ ಓಲ್ಡ್. ವಿಂಟರ್ ಕೋಟ್ ಈಗ್ ತಾನೇ ಬಂದಿದೆ. ಕತ್ತರಿಸಿದ್ರೆ ಚಳಿ ಆಗುತ್ತೆ."

"ಕೂದಲು ತಾನೆ ಪುಟ್ಟಾ, ಮತ್ತೆ ಬೆಳೆಯುತ್ತೆ. ಅದಕ್ಕೇನು ನೋವಾಗುತ್ತಾ?"

ಚಿನ್ಮಯಿ ನನ್ನತ್ತ ನೋಡಿದಳು. ನಾನು ಪರದೆಯತ್ತ ನೋಡಿದೆ. ಕಾರಣವಿತ್ತು. ಹಳೆಯ ರೇಡಿಯೊ ಶೈಲಿಯ ದಸರಾ ವೀಕ್ಷಕ ವಿವರಣೆ ನನ್ನದು. "ಇದೋ, ಪ್ರಿಯ ಶ್ರೋತೃಗಳೇ..." ಎಂದು ಮೂಗಿನಲ್ಲಿ ಶುರುಮಾಡಿದರೆ ಇಡೀ ಬಳಗ ಬಿದ್ದು ಬಿದ್ದು ನಗುತ್ತಿತ್ತು. ಮೈಕು ಅಧ್ಯಕ್ಷರ ಕೈಯಲ್ಲಿತ್ತು. ಶ್ರೀಕಂಠ ಎಂದು ಹೆಸರಿಟ್ಟುಕೊಂಡವನ ಕಂಠ ಆ ಹೊತ್ತಿಗೆ ಸರಿಯಾಗಿ ಕಟ್ಟಿತು.

ಭಾನುವಾರ ಬಳಗದವರೆಲ್ಲ ಲಾಯಕ್ಕೆ ಹೋದೆವು. ಯಜಮಾನಿ ಓಕುಬೊ-ಸಾನ್‌ಗೆ ಅರವತ್ತೆಂಟು, ಎತ್ತರ ಕಿನಾಕೊಗಿಂತ ಒಂದು ಗೇಣು ಜಾಸ್ತಿ. ನನ್ನ ಜಪಾನಿ ಮೂಲೆಯ ಕೊಂಬಿನಿ ಅಂಗಡಿಯಲ್ಲಿ ಚೀಲ ಬೇಡ ಅನ್ನುವಲ್ಲಿಗೆ ಮುಗಿಯುವುದರಿಂದ ಚಿನ್ಮಯಿಯೇ ದುಭಾಷಿ. ಓಕುಬೊ-ಸಾನ್ ನಕ್ಷೆಯನ್ನು ಎರಡೂ ಕೈಯಲ್ಲಿ ಹಿಡಿದು, ಹಲ್ಲಿನ ಸಂದಿಯಿಂದ ಉದ್ದಕ್ಕೆ ಉಸಿರೆಳೆದು, ಬಹಳ ಹೊತ್ತು ಮೆಚ್ಚಿಕೊಂಡರು.

"ತುಂಬಾ ಚೆನ್ನಾಗಿರೋ ಹಕ್ಕಿ ಅಂತೆ" ಎಂದಳು ಚಿನ್ಮಯಿ. "ರೇಸ್‌ಗೆ ಓಡೋ ಕುದುರೆಗೆ ಇವ್ರೂ ಕತ್ತರಿಸಿದಾರಂತೆ, ಬೆವರು ಬೇಗ ಆರ್ಲಿ ಅಂತ. ಅದು ಕುದುರೆಗೋಸ್ಕರ. ಇದು ಯಾರಿಗೋಸ್ಕರ ಅಂತ ಕೇಳ್ತಿದಾರೆ."

"ಸಂಸ್ಕೃತಿಗೋಸ್ಕರ ಅಂತ ಹೇಳು" ಎಂದರು ನಂಜುಂಡಸ್ವಾಮಿ. "ಆಮೇಲೆ, ಕೂದಲು ಬೆಳೆಯುತ್ತೆ ಅಂತಾನೂ ಹೇಳು."

ಉತ್ತರ ಬಂತು. "ಹೌದು, ಬೆಳೆಯುತ್ತೆ. ಚಳಿ ಅಲ್ಲೀ ತನಕ ಕಾಯಲ್ಲ ಅಂತೆ."

ಓಕುಬೊ-ಸಾನ್ ಮತ್ತೆ ಬಾಗಿ, ಮತ್ತೂ ಮೃದುವಾಗಿ ಏನೋ ಹೇಳಿದರು. ಮೊದಲು ರಿಹರ್ಸಲ್ ಆಗಬೇಕಂತೆ. ಕಿನಾಕೊಗೆ ಯಂತ್ರದ ಸದ್ದು ಅಭ್ಯಾಸವಿಲ್ಲ. ಅವಳ ಕಣ್ಣೆದುರಿಗೇ, ಇನ್ನೊಬ್ಬರ ಮೇಲೆ, ಪೂರ್ತಿ ನಕ್ಷೆ, ಮೀಸೆ ಸಮೇತ.

ನಂಜುಂಡಸ್ವಾಮಿ ಹಿಗ್ಗಿ ಹೀರೇಕಾಯಿಯಾದರು. "ಪ್ರೊಡಕ್ಷನ್‌ಗೆ ಮುಂಚೆ ಟೆಸ್ಟಿಂಗ್! ನೋಡ್ರೀ, ಜಪಾನ್ ಯಾಕೆ ಮುಂದಿದೆ ಅಂತ ಈಗ ಗೊತ್ತಾಯ್ತಾ?"

ರಿಹರ್ಸಲ್‌ಗೆ ಕುದುರೆ ಯಾರು ಎಂಬ ಪ್ರಶ್ನೆಗೆ ಚರ್ಚೆ ಬೇಕಾಗಲಿಲ್ಲ. ಬಂದ ಕೂಡಲೇ ಜಾಣತನ ಮೆರೆಯಲು ಕೆನೆದು ತೋರಿಸಿ ಕಿನಾಕೊಳ ಕಿವಿ ನಿಮಿರಿಸಿದ್ದವನು ನಾನೇ. ಓಕುಬೊ-ಸಾನ್ ನನ್ನತ್ತ ಅಂಗೈ ಚಾಚಿ ತೋರಿಸಿದರು. ಬಳಗ ಚಪ್ಪಾಳೆ ತಟ್ಟಿತು. ನಾನು ಕಲಾವಿದ, ಚಪ್ಪಾಳೆಗೆ ಬಾಗಿದೆ. ಬಾಗಿದ ತಲೆಗೆ ಟ್ರಿಮ್ಮರ್ ಬಂತು.

ಟ್ರಿಮ್ಮರ್ ಹಿಡಿದವರು ಅಧ್ಯಕ್ಷರ ಹೆಂಡತಿ ಪದ್ಮಾ. ಕ್ಷೌರದಂಗಡಿಗೆ ಹೋಗಲು ಹೆದರುತ್ತಿದ್ದ ಕಾಲದಲ್ಲಿ ಯೂಟ್ಯೂಬ್ ನೋಡಿ ಕಲಿತವರು. ಅವರಿಗೆ ತಲೆ ಕೊಡದ ಕನ್ನಡಿಗ ಫುನಾಬೊರಿಯಲ್ಲಿ ಇರಲಿಲ್ಲ. ಕೊಟ್ಟವನು ಒಂದು ತಿಂಗಳು ಕ್ಯಾಮೆರಾ ಆನ್ ಮಾಡುತ್ತಿರಲಿಲ್ಲ.

ನನ್ನನ್ನು ಬೋರಲು ಹಾಕಿದ ಬಕೆಟ್ಟಿನ ಮೇಲೆ, ಕಿನಾಕೊ ಪಕ್ಕ ಕೂರಿಸಿದರು. ಓಕುಬೊ-ಸಾನ್ ನನ್ನ ಹೆಗಲಿಗೆ ಹಗ್ಗ ಬಿಗಿದು ಕಂಬಕ್ಕೆ ಕಟ್ಟಿದರು. ಅವರದು ಒಂದೇ ನಿಯಮ: ಕುದುರೆ ಮಾತಾಡುವುದಿಲ್ಲ, ಆದ್ದರಿಂದ ಶ್ರೀಕಂಠ-ಸಾನ್ ಕೂಡ ಮಾತಾಡುವಂತಿಲ್ಲ.

ಮೊದಲ ಹತ್ತು ನಿಮಿಷ ತಮಾಷೆಯಾಗಿತ್ತು. ಆಮೇಲೆ ಟ್ರಿಮ್ಮರ್ ಬಿಸಿಯಾಯಿತು. ನದಿಯ ಗಾಳಿ ಬೋಳಾದ ಜಾಗಗಳನ್ನು ಒಂದೊಂದಾಗಿ ಹುಡುಕಿಕೊಂಡು ಬಂತು. ಸಾಕು ಎನ್ನಲು ಕೆನೆದೆ.

"ವಾಹ್, ಎಷ್ಟು ನ್ಯಾಚುರಲ್!" ಎಂದರು ನಂಜುಂಡಸ್ವಾಮಿ.

ಕಾಲಿನಿಂದ ನೆಲ ಕೆರೆದೆ. ಸೀಟಿ ಬಿದ್ದವು. ತಲೆ ಕೊಡವಿದೆ. "ರೀ, ಅಲ್ಲಾಡಬೇಡಿ, ಎರಡನೇ ಕೊಕ್ಕು ಕೆಡುತ್ತೆ" ಎಂದು ಪದ್ಮಾ ಗದರಿದರು. ಎಲ್ಲರೂ ಮೊಬೈಲು ಹಿಡಿದು ನಗುತ್ತಿದ್ದರು. ಚಿನ್ಮಯಿ ಒಬ್ಬಳು ನಗಲಿಲ್ಲ. ಜೀವಮಾನದಲ್ಲಿ ಮೊದಲ ಸಲ ನಾನು ಮಿಮಿಕ್ರಿ ಮಾಡುತ್ತಿರಲಿಲ್ಲ, ಮೊದಲ ಸಲ ಅಷ್ಟು ಚಪ್ಪಾಳೆ.

ಕೊನೆಗೆ ಹನ್ನೊಂದನೆಯ ಸ್ಲೈಡು. ಮಾಸ್ಕ್ ಇಳಿಸಿ ನನ್ನ ಮೀಸೆ ತೆಗೆದರು. ಕತ್ತರಿಸಿದ ಕೂದಲು ಮೂಗಿಗೆ ಹೊಕ್ಕು ಸೀನಿದೆ. ಆ ವರ್ಷ ಸೀನೆಂದರೆ ಬಾಂಬು. ಸಂಸ್ಕೃತಿ ಎರಡು ಮೀಟರ್ ಹಿಂದೆ ಓಡಿತು. ಹತ್ತಿರ ಬಂದವಳು ಕಿನಾಕೊ ಒಬ್ಬಳೇ. ಅವಳ ಮೂತಿ ನನ್ನ ತಲೆಯ ಮೇಲೆ ನಿಧಾನ ಓಡಾಡಿತು. ಸಣ್ಣ ಗಡಸು ಮೀಸೆಗಳು ಬೋಳು ಗೀಟುಗಳನ್ನು ಒಂದೊಂದಾಗಿ ಮುಟ್ಟಿದವು.

"ಅಪ್ಪಾ, ತನ್ನ ಮೂಗಿನ ಕೆಳಗಿರೋದು ಅವ್ಳಿಗೆ ಕಾಣಲ್ಲ" ಎಂದಳು ಚಿನ್ಮಯಿ. "ಮೀಸೆಯಿಂದ ನೋಡ್ತಿದಾಳೆ. ಏನಾಯ್ತು ನಿಂಗೆ ಅಂತ."

ಚಿನ್ಮಯಿಯ ಮೊಬೈಲಿನಲ್ಲಿ ನನ್ನ ತಲೆ ನೋಡಿದೆ. ಗಂಡಭೇರುಂಡವಲ್ಲ, ಒಂದೇ ಕಾಳಿಗೆ ಜಗಳವಾಡುತ್ತಿರುವ ಎರಡು ನಾಟಿಕೋಳಿ.

"ಫಸ್ಟ್ ವರ್ಶನ್ ತಾನೆ" ಎಂದು ದೂರದಿಂದಲೇ ಸಮಾಧಾನ ಮಾಡಿದರು ನಂಜುಂಡಸ್ವಾಮಿ. "ಬೇಜಾರಾಗ್ಬೇಡಿ ಶ್ರೀಕಂಠ. ಕೂದಲು ತಾನೆ, ಮತ್ತೆ ಬೆಳೆಯುತ್ತೆ. ಪದ್ಮಾ, ನೆಕ್ಸ್ಟ್ ಕುದುರೆ."

ನಾನು ಎದ್ದೆ. ಹಗ್ಗ ಎಳೆಯಿತು, ಆದರೂ ಕಿನಾಕೊ ಮುಂದೆ ಅಡ್ಡ ನಿಲ್ಲುವಷ್ಟು ಉದ್ದ ಇತ್ತು.

"ಬೇಡ."

"ಏನು ಬೇಡ?"

"ಅವಳ ಮೈ ಮುಟ್ಟೋದು ಬೇಡ ಸಾರ್."

"ನೀವು ಕಾಮೆಂಟರಿ ಮಾಡ್ತೀರೋ ಇಲ್ವೋ?"

"ಇಲ್ಲ."

ಎಷ್ಟು ಚಿಕ್ಕ ಮಾತು. ಜೂಮ್‌ನಲ್ಲಿ ಹೇಳಿದ್ದರೆ ಮೀಸೆಯಾದರೂ ಉಳಿಯುತ್ತಿತ್ತು.

ನಂಜುಂಡಸ್ವಾಮಿ ಹೆಂಡತಿಯ ಕಡೆ ತಿರುಗಿದರು. ಪದ್ಮಾ ನನ್ನ ತಲೆ ನೋಡಿದರು, ಕಿನಾಕೊಳ ದಟ್ಟ ಮೈ ನೋಡಿದರು, ಟ್ರಿಮ್ಮರ್ ಆರಿಸಿದರು. "ಇವರ ಜೀವಕ್ಕೇ ಇಷ್ಟು ನಡುಕ. ಆ ಕುದುರೆ ಮೇಲೆ ನಾನು ಕೈ ಹಾಕಲ್ಲ ಕಣ್ರೀ. ಹಕ್ಕಿ ಬೇಕೇ ಬೇಕು ಅಂದ್ರೆ ನಿಮ್ಮ ತಲೆ ಕೊಡಿ, ಚಾರ್ಜ್ ಇನ್ನೂ ಇದೆ."

ಅಧ್ಯಕ್ಷರು ಎರಡೂ ಕೈಯಿಂದ ತಲೆ ಮುಚ್ಚಿಕೊಂಡರು. ಸಂಸ್ಕೃತಿ ಅಲ್ಲಿಗೆ ನಿಂತಿತು.

ವಿಡಿಯೊ ಬಂತು. ಕಿನಾಕೊ ಮೈತುಂಬ ಕೂದಲು ಹೊತ್ತು, ಒಂದು ರೇಷ್ಮೆ ವಸ್ತ್ರ ಹೊದ್ದು ನಡೆದಳು. ಕೊರಳಿನ ಸೇವಂತಿಗೆ ಹಾರವನ್ನು ಎರಡನೇ ನಿಮಿಷಕ್ಕೆ ತಿಂದು ಮುಗಿಸಿದಳು. ವೀಕ್ಷಕ ವಿವರಣೆ ನಂಜುಂಡಸ್ವಾಮಿಯವರದೇ. ಅದರಲ್ಲಿ "ಮುಂದಿನ ಸ್ಲೈಡ್" ಎಂಬ ಮಾತು ಮೂರು ಸಲ ಬಂತು. ಪ್ರಾಣಿಗೆ ಹಿಂಸೆ ಮಾಡದ ಮಾದರಿ ದಸರಾ ಎಂದು ಬಂದ ಅಭಿನಂದನೆಗಳಿಗೆಲ್ಲ ಅವರೇ ಕೈ ಮುಗಿದರು.

ಮುಂದಿನ ಭಾನುವಾರ ಉಣ್ಣೆ ಟೋಪಿ ಹಾಕಿಕೊಂಡು ಚಿನ್ಮಯಿ ಜೊತೆ ಲಾಯಕ್ಕೆ ಹೋದೆ. ಬಾಗಿಲಲ್ಲಿ ಒಂದು ಬಿಳಿ ಹಲಗೆಯಿದೆ. ಪ್ರತಿ ಕುದುರೆಯ ಆರೋಗ್ಯವನ್ನು ಓಕುಬೊ-ಸಾನ್ ದಿನಾ ಅದರ ಮೇಲೆ ಬರೆಯುತ್ತಾರೆ. ಕಿನಾಕೊ ಹೆಸರಿನ ಕೆಳಗೆ ಹೊಸದೊಂದು ಸಾಲಿತ್ತು. ಚಿನ್ಮಯಿ ಬೆರಳಿಟ್ಟು ಓದಿದಳು.

"ಕಿನಾಕೊ. ವಿಂಟರ್ ಕೋಟ್ ಚೆನ್ನಾಗಿದೆ, ಊಟ ಚೆನ್ನಾಗಿದೆ." ಬೆರಳು ಕೆಳಗಿಳಿಯಿತು. "ಶ್ರೀಕಂಠ. ಬೋಳಿಸಲಾಗಿದೆ. ಡಿಸೆಂಬರ್ ತನಕ ಗಾಳಿಗೆ ಬಿಡಬಾರದು."

ಒಳಗಿನಿಂದ ಓಕುಬೊ-ಸಾನ್ ಬಂದು, ಬಹಳ ಗಂಭೀರವಾಗಿ ಬಾಗಿ, ನನ್ನ ಹೆಗಲ ಮೇಲೆ ಒಂದು ಕುದುರೆ ಕಂಬಳಿ ಹೊದಿಸಿದರು.