ಕಾಗದದ ಬಂಗುಡೆ

ಅಂಗನವಾಡಿಯಿಂದ ಬಂದ ರಕ್ಷಾಳ ತಲೆಗೂದಲಿಗೆಲ್ಲ ಮೈದಾ ಅಂಟು. ಕೈಯಲ್ಲಿ ಹಳೇ ಕ್ಯಾಲೆಂಡರಿನಿಂದ ಮಾಡಿದ ಒಂದು ಮೀನು.

ಕಾಫಿ ಹಣ್ಣು ಕುಯ್ದು ಬಂದು ಆಗಷ್ಟೇ ಕಾಲು ಚಾಚಿದ್ದ ಅಜ್ಜಿ ಸಿದ್ದಮ್ಮನಿಗೆ ರೇಗಿತು. "ನೋಡೇ ಪ್ರೇಮಾ, ನಿನ್ನ ಮಗಳು ಕಲ್ತು ಬಂದಿದ್ದು. ಅ ಇಲ್ಲ, ಆ ಇಲ್ಲ. ಮೂಡಿಗೆರೆ ಕಾನ್ವೆಂಟಿನ ವ್ಯಾನ್ ಹತ್ತಿಸು ಅಂದ್ರೆ ಕೇಳಲ್ಲ ನೀನು."

"ಅಲ್ಲಿ ಬಾಯಿ ಬಿಡ್ತಾಳಾ ಅತ್ತೆ? ಇಲ್ಲೇ ಬಿಡಲ್ಲ," ಎಂದಳು ಸೊಸೆ ಪ್ರೇಮಲತಾ.

ಮನೆಯ ಚಿಂತೆಯೇ ಅದು. ಮೂರು ತುಂಬಿದ ರಕ್ಷಾ ಒಲೆ ಮುಂದೆ ಪಟಪಟ ಅರಳು ಹುರಿದಂತೆ ಮಾತಾಡುವವಳು. ಹೊಸ್ತಿಲು ದಾಟಿದರೆ ತುಟಿ ಹೊಲಿದ ಹಾಗೆ.

ಮಾರನೆಯ ದಿನ ಸಿದ್ದಮ್ಮ ಕೆಲಸಕ್ಕೆ ರಜೆ ಹಾಕಿ, ಮೊಮ್ಮಗಳ ಹೆಸರು ತೆಗೆಸಿಯೇ ಬರುತ್ತೇನೆಂದು ಅಂಗನವಾಡಿಗೆ ಹೋದಳು. ನೆಲಕ್ಕೆ ನೀಲಿ ಸೀರೆ ಹಾಸಿತ್ತು. ಅದರ ಮೇಲೆ ಕಾಗದದ ಏಡಿ, ಸಿಗಡಿ, ಚಿಪ್ಪು.

"ಟೀಚರ್ರೇ, ಸಮುದ್ರ ನಾನೇ ನೋಡಿಲ್ಲ. ಈ ಪಿಳ್ಳೆಗಳಿಗೆ ಎಂತಕ್ಕೆ?"

"ನೀವು ನೋಡಿಲ್ಲ, ನಿಮ್ಮ ಸಾರಿನ ಪಾತ್ರೆ ನೋಡಿದೆಯಲ್ಲ ಸಿದ್ದಮ್ಮಾ," ನಿಖಿತಾ ಟೀಚರ್ ನಕ್ಕರು. "ಮೀನಿನ ಬೈಕಿನವರು ಹಾರನ್ ಹೊಡ್ಕೊಂಡು ಘಾಟಿ ಹತ್ತಿಸಿ ತರ್ತಾರೆ. ಮಕ್ಕಳಿಗೆ ಗೊತ್ತಿರೋದ್ರಿಂದಲೇ ಶುರು ಮಾಡ್ಬೇಕು. ಕಾಗದ ಹರಿದು, ಮಡಚಿ, ಅಂಟಿಸಿ ಬೆರಳಿಗೆ ಬಲ ಬಂದ್ರೆ ತಾನೇ ಆಮೇಲೆ ಬಳಪ ನಿಲ್ಲೋದು? ಹೊಸಬರಿಗೆ ಮೊದಲ ದಿನವೇ ಹಣ್ಣು ಕುಯ್ಯೋಕೆ ಬರುತ್ತಾ?"

"ಎಲ್ಲಿ ಬರುತ್ತೆ. ಕಾಯಿ, ಎಲೆ ಎಲ್ಲ ಕಿತ್ತು ಹಾಕ್ತಾರೆ." ಸಿದ್ದಮ್ಮ ಅಷ್ಟಕ್ಕೆ ಸೋಲಲಿಲ್ಲ. "ಬೆರಳು ಸರಿ. ಮಾತು?"

ಅಷ್ಟರಲ್ಲಿ ಹಿಂದಿನಿಂದ "ಪೋಂ ಪೋಂ" ಎಂದಿತು. ಸೊಂಟಕ್ಕೆ ಕಾಗದದ ಮೀನಿನ ಬುಟ್ಟಿ ಒತ್ತಿಕೊಂಡು ರಕ್ಷಾ ಬರುತ್ತಿದ್ದಳು. "ಬಂಗುಡೇ, ಬೂತಾಯೀ..."

ಸಿದ್ದಮ್ಮನ ಕಣ್ಣು ತುಂಬಿತು. ಟೀಚರ್ ಕಿವಿಯಲ್ಲಿ ಉಸುರಿದರು: "ಹೊಗಳಬೇಡಿ, ನಾಚಿಕೊಂಡು ಬಾಯಿ ಮುಚ್ತಾಳೆ. ವ್ಯಾಪಾರ ಮಾಡಿ."

ಸಿದ್ದಮ್ಮ ಕುಕ್ಕರಗಾಲಲ್ಲಿ ಕೂತು ಒಂದು ಮೀನೆತ್ತಿ ತಿರುಗಿಸಿದಳು. "ಎಂತ ಮಾರಾಯ್ತಿ, ಹಳೇ ಮೀನು. ಕಿವಿರು ಕೆಂಪಗೇ ಇಲ್ಲ."

ರಕ್ಷಾ ಮೀನು ಕಿತ್ತುಕೊಂಡು, ಕೆಂಪು ಬಳಪದಲ್ಲಿ ಕಿವಿರು ತಿದ್ದಿ ವಾಪಸು ಹಿಡಿದಳು. "ಈಗ ನೋಡಿ."

"ಹಾಗಾದ್ರೆ ಐದು ಕೊಡು."

"ಒಂದು, ಎರಡು, ಮೂರು, ನಾಕು, ಐದು."

"ಕೊಸರು?"

"ಕೊಸರಿಲ್ಲ ಅಜ್ಜಿ. ಘಾಟಿಲಿ ಲಾರಿ ಅಡ್ಡ ನಿಂತಿತ್ತು."

ಹೆಸರು ತೆಗೆಸಲು ಹೋದವಳು ಸೆರಗಿನಲ್ಲಿ ಮೀನು ಕಟ್ಟಿಕೊಂಡು ಮನೆಗೆ ಬಂದಳು. "ವ್ಯಾನ್ ಈಗ ಬೇಡ ಪ್ರೇಮಾ. ಮನೇಲಿರೋ ಹಳೇ ಪೇಪರೆಲ್ಲ ನಾಳೆ ಅಂಗನವಾಡಿಗೆ ಕೊಟ್ಟು ಕಳ್ಸು. ಮೀನು ಸುತ್ತಿ ತಂದಿದ್ದು ಬಿಟ್ಟು."

ಅಕ್ಕಂದಿರೇ, ಅಣ್ಣಂದಿರೇ, ಮೂರು ತುಂಬಿದ ನಿಮ್ಮ ಮಗುವನ್ನು ತಪ್ಪದೆ ಅಂಗನವಾಡಿಗೆ ಕಳಿಸಿ. ಕಾಗದದ ಮೀನು ಹಿಡಿದು ಬಂದರೆ, ಅಕ್ಷರ ಎಲ್ಲಿ ಎಂದು ಕೇಳುವ ಮೊದಲು ಮಗುವಿನ ಪಕ್ಕ ಕೂತು ಚೌಕಾಸಿ ಮಾಡಿ. ಕೊಸರು ಕೇಳುವುದನ್ನು ಮಾತ್ರ ಮರೆಯಬೇಡಿ.